ಯೀಸ್ಟಿನೊಳಗೊಂದು ಕೊಬ್ಬಿನ ಸೇತುವೆ

ಮೈದಾ ಹಿಟ್ಟಿಗೆ ಚಿಟಿಕೆ ಯೀಸ್ಟ್ ಬೆರೆಸಿ ಕಲಸಿಟ್ಟರೆ ಒಂದೆರಡು ತಾಸಿನಲ್ಲಿ ಹಿಟ್ಟು ಉಬ್ಬಿ ದುಪ್ಪಟ್ಟಾಗುತ್ತದೆ. ಬೇಕರಿಯ ಬನ್ನು, ಬ್ರೆಡ್ಡು ಮೆತ್ತಗಿರುವುದು ಇದರಿಂದಲೇ. ಈ ಕೆಲಸ ಮಾಡುವ ಜೀವಿ ಒಂದೇ ಒಂದು ಕೋಶದ ಶಿಲೀಂಧ್ರ. ಅದರ ಅಡ್ಡಳತೆ ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು. ಶಾಸ್ತ್ರೀಯ ಹೆಸರು ಮಾತ್ರ ಅದರ ಗಾತ್ರಕ್ಕಿಂತ ಬಲು ಉದ್ದ: ಸ್ಯಾಕರೊಮೈಸಿಸ್ ಸೆರೆವಿಸಿಯೆ.

ಇಷ್ಟು ಚಿಕ್ಕ ಜೀವಿಯೊಳಗೂ ಒಂದು ಪುಟ್ಟ ಊರೇ ಇದೆ. ನಡುವೆ ಕೋಶಕೇಂದ್ರ. ಅದಕ್ಕೆ ಅಂಟಿಕೊಂಡು ಎಲ್ಲೆಡೆ ಹರಡಿದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಜಾಲ. ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯ. ಕಸವನ್ನು ಕರಗಿಸುವ ರಸದಾನಿ. ಪದಾರ್ಥಗಳನ್ನು ವಿಂಗಡಿಸಿ ಕಳಿಸುವ ಗಾಲ್ಜಿ. ಪ್ರೌಢಶಾಲೆಯ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಚಿತ್ರ ಬರೆದು ಹೆಸರಿಸುವ ಕಣದಂಗಗಳು ಇವೇ. ಈ ಪ್ರತಿಯೊಂದು ಕಣದಂಗಕ್ಕೂ ತನ್ನದೇ ಆದ ಪೊರೆ ಉಂಟು. ಪೊರೆಯ ಮುಖ್ಯ ಸಾಮಗ್ರಿ ಕೊಬ್ಬು. ವಿಜ್ಞಾನಿಗಳ ಮಾತಿನಲ್ಲಿ ಹೇಳುವುದಾದರೆ ಲಿಪಿಡ್.

ಈ ಊರಿನಲ್ಲಿ ಎಲ್ಲ ಮನೆಗಳಿಗೂ ಗೋಡೆ ಬೇಕು. ಆದರೆ ಗೋಡೆಗೆ ಬೇಕಾದ ಇಟ್ಟಿಗೆಯನ್ನು ಸುಡುವ ಗೂಡು ಬಹುಮಟ್ಟಿಗೆ ಒಂದೇ ಮನೆಯಲ್ಲಿದೆ. ಅಲ್ಲಿಂದ ಇಟ್ಟಿಗೆ ಉಳಿದ ಮನೆಗಳಿಗೆ ಹೇಗೆ ತಲುಪುತ್ತದೆ? ಕೇಳಲು ಸರಳವೆನಿಸುವ ಈ ಪ್ರಶ್ನೆ ಜೀವವಿಜ್ಞಾನಿಗಳನ್ನು ದಶಕಗಳ ಕಾಲ ಕಾಡಿತು. ಉತ್ತರದ ದೊಡ್ಡ ಪಾಲನ್ನು ಕೊಟ್ಟದ್ದು ಈ ಯೀಸ್ಟ್. ಮನುಷ್ಯರ ಕೆಲವು ಕಾಯಿಲೆಗಳ ಮೂಲವನ್ನು ತೋರಿಸಿದ್ದೂ ಅದೇ ಉತ್ತರ.

ಎರಡು ಮುಖದ ಅಣು

ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲವೆಂಬುದು ಅಡುಗೆಮನೆಯಲ್ಲಿ ಎಲ್ಲರೂ ಕಂಡದ್ದೇ. ಹಾಗಿದ್ದರೂ ಎಣ್ಣೆ ಹಚ್ಚಿದ ತಲೆಗೆ ಸೀಗೆಕಾಯಿ ತಿಕ್ಕಿ ನೀರು ಹೊಯ್ದರೆ ಜಿಡ್ಡು ಹೋಗುತ್ತದಲ್ಲ, ಏಕೆ? ಸೀಗೆಕಾಯಿಯಲ್ಲಿರುವ ನೊರೆಯ ಅಣುವಿಗೆ ಎರಡು ಮುಖ. ಒಂದು ಕಡೆ ನೀರನ್ನು ಹಿಡಿಯುತ್ತದೆ, ಇನ್ನೊಂದು ಕಡೆ ಎಣ್ಣೆಯನ್ನು.

ಜೀವಕೋಶದ ಪೊರೆಯಲ್ಲಿರುವ ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಅಣುವಿಗೂ ಇಂಥದೇ ಎರಡು ಮುಖ. ಅದಕ್ಕೊಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಇಷ್ಟ, ಬಾಲಗಳಿಗೆ ನೀರೆಂದರೆ ಆಗದು. ಇಂಥ ಅಣುಗಳನ್ನು ನೀರಿಗೆ ಹಾಕಿದರೆ ಅವು ತಮಗೆ ತಾವೇ ಎರಡು ಸಾಲಾಗಿ ನಿಲ್ಲುತ್ತವೆ. ತಲೆಗಳು ಹೊರಮುಖವಾಗಿ ನೀರಿನತ್ತ. ಬಾಲಗಳು ಒಳಮುಖವಾಗಿ ಪರಸ್ಪರರತ್ತ. ಪೊರೆ ಹುಟ್ಟುವುದು ಹೀಗೆ.

ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್, 1925ರಲ್ಲಿ. ಕೆಂಪು ರಕ್ತಕಣಗಳಿಂದ ಕೊಬ್ಬನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಪದರವಾಗಿ ಹರಡಿದಾಗ ಅದು ರಕ್ತಕಣಗಳ ಮೇಲ್ಮೈಯ ಎರಡರಷ್ಟು ಜಾಗವನ್ನು ಆವರಿಸಿತು. ಅಂದರೆ ಪೊರೆಯಲ್ಲಿ ಎರಡು ಪದರಗಳಿರಬೇಕು. ಈ ಜೋಡಿ ಪದರದ ದಪ್ಪ ನಾಲ್ಕೈದು ನ್ಯಾನೊಮೀಟರ್ ಅಷ್ಟೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್.

ತೊಡಕು ಇರುವುದು ಇಲ್ಲಿಯೇ. ಪೊರೆಯೊಳಗೆ ಕೊಬ್ಬಿನ ಅಣು ಸರಾಗವಾಗಿ ಅತ್ತಿತ್ತ ಜಾರಬಲ್ಲದು. ಆದರೆ ಪೊರೆಯನ್ನು ಬಿಟ್ಟು ಕೋಶದ ನೀರಿಗೆ ಇಳಿಯಲಾರದು, ಬಾಲ ಬಿಡುವುದಿಲ್ಲ. ಒಂದು ಕಣದಂಗಕ್ಕೂ ಇನ್ನೊಂದಕ್ಕೂ ನಡುವೆ ಇರುವುದೋ ನೀರೇ! ಈಜು ಬಾರದವನು ಹೊಳೆಯ ಈಚೆ ದಡದಲ್ಲಿ ನಿಂತ ಹಾಗಾಯಿತು ಕೊಬ್ಬಿನ ಪಾಡು.

ಚೀಲದಲ್ಲಿ ಸಾಗುವ ಸರಕು

ಹೊಳೆ ದಾಟಲು ಒಂದು ಉಪಾಯ ದೋಣಿ. ಕೋಶದಲ್ಲೂ ಇಂಥ ದೋಣಿಗಳಿವೆ. ಕಣದಂಗದ ಪೊರೆ ಒಂದು ಕಡೆ ಉಬ್ಬಿ, ಸೋಪಿನ ಗುಳ್ಳೆಯಂತೆ ಕಳಚಿಕೊಂಡು, ಇನ್ನೊಂದು ಕಣದಂಗಕ್ಕೆ ಹೋಗಿ ಕೂಡಿಕೊಳ್ಳುತ್ತದೆ. ಗುಳ್ಳೆಯೊಳಗೆ ಪ್ರೋಟೀನು, ಗುಳ್ಳೆಯ ಗೋಡೆಯಲ್ಲಿ ಕೊಬ್ಬು: ಒಂದೇ ಪಯಣದಲ್ಲಿ ಎರಡೂ ಸಾಗುತ್ತವೆ.

ಈ ಕಿರುಚೀಲಗಳ ಗುಟ್ಟನ್ನು ಬಿಡಿಸಿದ್ದೂ ಯೀಸ್ಟ್. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ರ‍್ಯಾಂಡಿ ಶೆಕ್‌ಮನ್ ಮತ್ತು ಅವರ ವಿದ್ಯಾರ್ಥಿ ಪೀಟರ್ ನೋವಿಕ್ ಒಂದು ವಿಶೇಷ ಯೀಸ್ಟ್ ತಳಿಯನ್ನು 1979ರಲ್ಲಿ ವರದಿ ಮಾಡಿದರು. ತಂಪಿನಲ್ಲಿ ಇದು ಮಾಮೂಲಿನಂತೆ ಬೆಳೆಯುತ್ತಿತ್ತು. ಉಷ್ಣತೆ 37 ಡಿಗ್ರಿಗೆ ಏರಿದರೆ ಸಾಗಾಟ ನಿಂತು, ಕೋಶದ ತುಂಬ ಚೀಲಗಳು ಜಮಾಯಿಸುತ್ತಿದ್ದವು. ಮರುವರ್ಷ ಇಂಥ 23 ಜೀನ್‌ಗಳ ಪಟ್ಟಿಯೇ ಸಿದ್ಧವಾಯಿತು. ಈ ಕೆಲಸಕ್ಕಾಗಿ ಶೆಕ್‌ಮನ್ನರಿಗೆ 2013ರಲ್ಲಿ ಜೇಮ್ಸ್ ರಾತ್‌ಮನ್ ಮತ್ತು ಥಾಮಸ್ ಸುಡಾಫ್ ಜೊತೆ ನೊಬೆಲ್ ಬಂತು.

ಬಾಲಕ ಶೆಕ್‌ಮನ್ ಸೂಕ್ಷ್ಮದರ್ಶಕ ಕೊಳ್ಳಲೆಂದು ನೆರೆಮನೆಗಳ ಹುಲ್ಲು ಕತ್ತರಿಸಿ ಹಣ ಕೂಡಿಡುತ್ತಿದ್ದ. ಆ ಹಣ ಮನೆಖರ್ಚಿಗೆ ಕರಗುತ್ತಿದ್ದುದನ್ನು ಕಂಡು ಸಿಟ್ಟಾಗಿ ಸೈಕಲ್ಲೇರಿ ಪೊಲೀಸ್ ಠಾಣೆಗೇ ಹೋಗಿ ದೂರಿತ್ತ! ಕೊನೆಗೆ ತಂದೆ ಕರೆದೊಯ್ದು ಹಳೆಯದೊಂದು ಸೂಕ್ಷ್ಮದರ್ಶಕ ಕೊಡಿಸಿದರು. ನೊಬೆಲ್ ಬಂದಾಗ ಅದನ್ನು ಶೆಕ್‌ಮನ್ ನೊಬೆಲ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಮಕ್ಕಳ ಹಠವನ್ನು ಹೆತ್ತವರು ಒಮ್ಮೊಮ್ಮೆ ಮನ್ನಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ದೋಣಿ ಹೋಗದ ದಡ

ಚೀಲಗಳ ಕಥೆಯಿಂದ ಎಲ್ಲವೂ ಬಗೆಹರಿಯಲಿಲ್ಲ. ಒಳಜಾಲದಿಂದ ಗಾಲ್ಜಿಗೆ, ಗಾಲ್ಜಿಯಿಂದ ಕೋಶದ ಹೊರಪೊರೆಗೆ ಹಾಗೂ ರಸದಾನಿಗೆ ಚೀಲಗಳು ಓಡಾಡುತ್ತವೆ, ನಿಜ. (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮನ್ನು ಇಲ್ಲಿಂದ ಮುಂದೆ ಒಳಜಾಲ ಎಂದೇ ಕರೆಯೋಣ.) ಆದರೆ ಮೈಟೊಕಾಂಡ್ರಿಯ ಈ ದೋಣಿ ಮಾರ್ಗದಲ್ಲಿ ಇಲ್ಲವೇ ಇಲ್ಲ. ಹಾಗೆಂದು ಅದಕ್ಕೆ ಕೊಬ್ಬು ಬೇಡವೆಂದಲ್ಲ. ಅದಕ್ಕೆ ಒಂದಲ್ಲ ಎರಡು ಪೊರೆ. ಒಳಪೊರೆಯಂತೂ ಮಡಿಕೆ ಮಡಿಕೆಯಾಗಿ ಚಾಚಿಕೊಂಡಿದೆ.

ಅಷ್ಟು ಮಾತ್ರವಲ್ಲ. ಯೀಸ್ಟಿನ ಒಳಜಾಲದಲ್ಲಿ ಫಾಸ್ಫಟೈಡಿಲ್ ಸೆರೀನ್ ಎಂಬ ಕೊಬ್ಬು ತಯಾರಾಗುತ್ತದೆ. ಅದು ಮೈಟೊಕಾಂಡ್ರಿಯಕ್ಕೆ ಹೋಗಿ, ಅಲ್ಲಿನ ಒಳಪೊರೆಯಲ್ಲಿರುವ ಕಿಣ್ವದಿಂದ ಫಾಸ್ಫಟೈಡಿಲ್ ಇಥನಾಲಮೀನ್ ಎಂಬ ಇನ್ನೊಂದು ಕೊಬ್ಬಾಗುತ್ತದೆ. ಅದರಲ್ಲಿ ಒಂದಷ್ಟು ಮತ್ತೆ ಒಳಜಾಲಕ್ಕೆ ಮರಳಿ ಫಾಸ್ಫಟೈಡಿಲ್ ಕೋಲೀನ್ ಆಗುತ್ತದೆ. ನೂಲನ್ನು ಒಂದೂರಿನಲ್ಲಿ ತೆಗೆದು, ಬಣ್ಣ ಕಟ್ಟಲು ಪಕ್ಕದೂರಿಗೆ ಕಳಿಸಿ, ನೇಯಲು ಮತ್ತೆ ಮೊದಲಿನ ಊರಿಗೆ ತಂದ ಹಾಗೆ. ಅಂದಮೇಲೆ ಎರಡೂ ಊರುಗಳ ನಡುವೆ ಹೋಗಿಬರುವ ದಾರಿ ಇರಲೇಬೇಕು. ಯಾವುದು ಆ ದಾರಿ?

ಸುಳಿವು ದೊರೆತದ್ದು ಕೆನಡಾದಲ್ಲಿ. ಇಲಿಯ ಯಕೃತ್ತಿನ ಕೋಶಗಳಿಂದ ಮೈಟೊಕಾಂಡ್ರಿಯವನ್ನು ಬೇರ್ಪಡಿಸುತ್ತಿದ್ದ ಜೀನ್ ವಾನ್ಸ್ ಎಂಬ ವಿಜ್ಞಾನಿಗೆ ಅದರ ಜೊತೆ ಯಾವಾಗಲೂ ಒಳಜಾಲದ ತುಣುಕೊಂದು ಅಂಟಿಕೊಂಡೇ ಬರುವುದು ಕಂಡಿತು. ಎಷ್ಟು ತೊಳೆದರೂ ಬಿಡದ ಇಂಥ ಅಂಟನ್ನು ಕೊಳೆ ಎಂದು ಎಸೆಯುವುದೇ ವಾಡಿಕೆ. ವಾನ್ಸ್ ಎಸೆಯಲಿಲ್ಲ, ಪರೀಕ್ಷಿಸಿದರು. ಕೊಬ್ಬು ತಯಾರಿಸುವ ಕಿಣ್ವಗಳು ಆ ತುಣುಕಿನಲ್ಲಿ ತುಂಬಿದ್ದವು. 1990ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥವಿಷ್ಟು: ಎರಡೂ ಕಣದಂಗಗಳು ಕೆಲವು ಕಡೆ ಒಂದಕ್ಕೊಂದು ತಾಗಿದಂತೆ ಕೂತಿವೆ, ಕೊಬ್ಬು ದಾಟುವುದು ಬಹುಶಃ ಅಲ್ಲಿಯೇ. ಆದರೆ ಅವೆರಡನ್ನು ಹಿಡಿದು ನಿಲ್ಲಿಸಿದ ಕೊಂಡಿ ಯಾವುದೆಂದು ತಿಳಿಯಲು ಇನ್ನೂ ಹತ್ತೊಂಬತ್ತು ವರ್ಷ ಬೇಕಾಯಿತು.

ಊರುಗೋಲು ಕೊಟ್ಟು ಕಿತ್ತುಕೊಂಡರು

ಇಂಥ ಹುಡುಕಾಟಕ್ಕೆ ಯೀಸ್ಟ್ ಹೇಳಿ ಮಾಡಿಸಿದ ಜೀವಿ. ಸುಮಾರು ಒಂದೂವರೆ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ. ಅದರ ಇಡೀ ಜೀನ್ ಭಂಡಾರ 1996ರಲ್ಲೇ ಓದಿ ಮುಗಿದಿದೆ. ಕೋಶಕೇಂದ್ರವುಳ್ಳ ಜೀವಿಗಳಲ್ಲಿ ಇದೇ ಮೊದಲನೆಯದು. 16 ವರ್ಣತಂತುಗಳಲ್ಲಿ ಸುಮಾರು 6,000 ಜೀನ್‌ಗಳು. ಬೇಕಾದ ಜೀನನ್ನು ಕೆಡಿಸಿ ಏನಾಗುತ್ತದೆಂದು ನೋಡಬಹುದು.

ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಪೀಟರ್ ವಾಲ್ಟರ್ ಅವರ ಪ್ರಯೋಗಾಲಯದಲ್ಲಿದ್ದ ಬೆನ್ವಾ ಕೋರ್ನ್‌ಮಾನ್ ಮತ್ತು ಸಂಗಡಿಗರು ಒಂದು ಜಾಣ ಉಪಾಯ ಹೂಡಿದರು. ಒಂದು ತುದಿ ಒಳಜಾಲವನ್ನೂ ಇನ್ನೊಂದು ತುದಿ ಮೈಟೊಕಾಂಡ್ರಿಯವನ್ನೂ ಕಚ್ಚಿ ಹಿಡಿಯುವಂಥ ಕೃತಕ ಪ್ರೋಟೀನನ್ನು ಅವರೇ ತಯಾರಿಸಿ ಯೀಸ್ಟಿಗೆ ಸೇರಿಸಿದರು. ಕಾಗದಗಳಿಗೆ ಸ್ಟೇಪ್ಲರ್ ಪಿನ್ನು ಹೊಡೆದಂತೆ! ಬಳಿಕ ಯೀಸ್ಟಿನ ಜೀನ್‌ಗಳನ್ನು ಅಲ್ಲಲ್ಲಿ ಕೆಡಿಸಿ, ಈ ಕೃತಕ ಪಿನ್ನು ಇಲ್ಲದೆ ಬೆಳೆಯಲಾರದ ಕೋಶಗಳು ಯಾವುವೆಂದು ಹುಡುಕಿದರು.

ಇದರ ತರ್ಕ ಸುಲಭ. ಒಂದು ಗುಂಪಿನಲ್ಲಿ ಎಲ್ಲರ ಕೈಗೂ ಊರುಗೋಲು ಕೊಡಿ. ಆಮೇಲೆ ಎಲ್ಲರಿಂದಲೂ ಕಿತ್ತುಕೊಳ್ಳಿ. ಯಾರು ಬೀಳುತ್ತಾರೋ ಅವರ ಕಾಲಿಗೆ ಪೆಟ್ಟಾಗಿದೆ ಎಂದು ಗೊತ್ತಾಗುತ್ತದೆ. ಹಾಗೆಯೇ ಕೃತಕ ಕೊಂಡಿಯಿಲ್ಲದೆ ಬೀಳುವ ಯೀಸ್ಟಿನಲ್ಲಿ ಕೆಟ್ಟಿರುವುದು ಸಹಜವಾದ ಕೊಂಡಿಯ ಜೀನೇ ಇರಬೇಕು.

2009ರಲ್ಲಿ ಕೊಂಡಿ ಸಿಕ್ಕಿತು. ಅದು ನಾಲ್ಕು ಪ್ರೋಟೀನುಗಳ ಕೂಟ. ಎಂಎಂಎಂ1 ಒಳಜಾಲದಲ್ಲಿ ಬೇರೂರಿದೆ; ಎಂಡಿಎಂ10 ಮತ್ತು ಎಂಡಿಎಂ34 ಮೈಟೊಕಾಂಡ್ರಿಯದ ಕಡೆ; ಎಂಡಿಎಂ12 ನಡುವಿನ ಜೋಡಣೆ. ಕೂಟಕ್ಕೆ ಅರ್ಮಿಸ್ ಎಂದು ಹೆಸರಾಯಿತು. ಸ್ವಾರಸ್ಯವೆಂದರೆ ಈ ಪ್ರೋಟೀನುಗಳಲ್ಲಿ ಕೆಲವು 1990ರ ದಶಕದಲ್ಲೇ ಪರಿಚಿತವಾಗಿದ್ದವು. ಅವು ಕೆಟ್ಟರೆ ಕೊಳವೆಯಾಕಾರದ ಮೈಟೊಕಾಂಡ್ರಿಯ ಚೆಂಡಿನಂತೆ ಊದಿಕೊಳ್ಳುತ್ತದೆ ಎಂದಷ್ಟೇ ತಿಳಿದಿತ್ತು. ಏಕೆಂಬುದಕ್ಕೆ ಉತ್ತರ ಈಗ ದೊರೆಯಿತು.

ಒಂದು ಸೇತುವೆ ಮುರಿದರೆ?

ಹೊಸ ಉತ್ತರದ ಜೊತೆ ಹೊಸ ತಲೆನೋವೂ ಬಂತು. ಅರ್ಮಿಸ್ ಕಳೆದುಕೊಂಡ ಯೀಸ್ಟ್ ಸೊರಗಿತೇ ಹೊರತು ಸಾಯಲಿಲ್ಲ. ಕೊಬ್ಬು ಹೇಗೋ ಮೈಟೊಕಾಂಡ್ರಿಯವನ್ನು ತಲುಪುತ್ತಲೇ ಇತ್ತು. ಹಾಗಾದರೆ ಅರ್ಮಿಸ್ ಕೊಬ್ಬಿನ ದಾರಿಯೇ ಅಲ್ಲವೆ?

ಇದಕ್ಕೆ ಉತ್ತರ 2014ರಲ್ಲಿ ಎರಡು ಕಡೆಯಿಂದ ಒಟ್ಟಿಗೇ ಬಂತು: ಇಸ್ರೇಲಿನ ಮಾಯಾ ಶುಲ್ಡಿನರ್ ಮತ್ತು ಜರ್ಮನಿಯ ಕ್ರಿಸ್ಟಿಯಾನ್ ಉಂಗರ್‌ಮಾನ್ ಅವರ ತಂಡಗಳಿಂದ. ಮೈಟೊಕಾಂಡ್ರಿಯಕ್ಕೆ ಎರಡನೆಯ ದಾರಿಯೊಂದಿದೆ, ಅದು ರಸದಾನಿಯ ಕಡೆಯಿಂದ. ಒಳಜಾಲದಿಂದ ಕೊಬ್ಬು ಚೀಲಗಳಲ್ಲಿ ರಸದಾನಿಗೆ ಬರುತ್ತದೆ. ರಸದಾನಿ ಮತ್ತು ಮೈಟೊಕಾಂಡ್ರಿಯ ತಾಗುವಲ್ಲಿ ದಾಟುತ್ತದೆ. ಅರ್ಮಿಸ್ ಕೆಟ್ಟಾಗ ರಸದಾನಿಯ ಕಡೆಯ ಸಂಪರ್ಕ ಹಿಗ್ಗುತ್ತದೆ. ಅದು ಕುಗ್ಗಿದಾಗ ಅರ್ಮಿಸ್ ಹೆಚ್ಚುತ್ತದೆ. ಎರಡನ್ನೂ ಕಿತ್ತುಹಾಕಿದರೆ ಮಾತ್ರ ಯೀಸ್ಟ್ ಬದುಕುವುದಿಲ್ಲ.

ಮಳೆಗಾಲದಲ್ಲಿ ಸೇತುವೆ ಮುಳುಗಿದರೆ ಬಸ್ಸು ಸುತ್ತು ಬಳಸಿ ಊರು ಸೇರುತ್ತದೆ. ದಾರಿ ಎರಡಿವೆ ಎಂದು ತಿಳಿಯದವನು ಬಸ್ಸು ಬಂದದ್ದನ್ನು ಕಂಡು ಸೇತುವೆಯೇ ಅನಗತ್ಯವೆಂದು ತೀರ್ಮಾನಿಸಿಬಿಡಬಹುದು. ಜೀವಿಗಳಲ್ಲಿ ಒಂದು ಭಾಗವನ್ನು ಕಿತ್ತು ನೋಡುವ ಪ್ರಯೋಗಗಳೆಲ್ಲದರಲ್ಲೂ ಈ ಮೋಸ ಅಡಗಿರುತ್ತದೆ.

ಮರುವರ್ಷ ಕೋರ್ನ್‌ಮಾನರ ತಂಡ ಇನ್ನೊಬ್ಬ ಪಾತ್ರಧಾರಿಯನ್ನು ಕಂಡಿತು. ವಿಪಿಎಸ್13 ಎಂಬ ಭಾರೀ ಪ್ರೋಟೀನು. 3,000ಕ್ಕೂ ಹೆಚ್ಚು ಅಮೈನೊ ಆಮ್ಲಗಳ ಸರಪಳಿ. ಇದರಲ್ಲಿ ಕೆಲವು ಸಣ್ಣ ಬದಲಾವಣೆಗಳಾದರೆ ಅರ್ಮಿಸ್ ಇಲ್ಲದ ಯೀಸ್ಟ್ ಕೂಡ ಚೇತರಿಸಿಕೊಳ್ಳುತ್ತಿತ್ತು. ಇದರ ಹೆಸರನ್ನು ನೆನಪಿಡಿ, ಮನುಷ್ಯರ ಕಾಯಿಲೆಗಳ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಕಪಿಲೆಯ ಎತ್ತು

ಕೊಬ್ಬನ್ನು ಒಂದೊಂದೇ ಅಣುವಾಗಿ ಹೊತ್ತೊಯ್ಯುವ ಪ್ರೋಟೀನುಗಳೂ ಇವೆ. ಯೀಸ್ಟಿನಲ್ಲಿ ಓಶ್ ಎಂಬ ಕುಟುಂಬಕ್ಕೆ ಸೇರಿದ ಏಳು ಪ್ರೋಟೀನುಗಳಿವೆ. ಇವಕ್ಕೆ ಮುಚ್ಚಳವುಳ್ಳ ಕರಡಿಗೆಯಂಥ ರಚನೆ. ನೀರಿಗೆ ಹೆದರುವ ಬಾಲಗಳು ಒಳಗಡೆ ಬೆಚ್ಚಗಿರುತ್ತವೆ, ಹೊರಗೆ ನೀರಿದ್ದರೂ ಚಿಂತೆಯಿಲ್ಲ.

ಇವುಗಳಲ್ಲಿ ಓಶ್6 ಎಂಬುದು ಫಾಸ್ಫಟೈಡಿಲ್ ಸೆರೀನನ್ನು ಒಳಜಾಲದಿಂದ ಹೊರಪೊರೆಗೆ ಸಾಗಿಸುತ್ತದೆ ಎಂದು 2013ರಲ್ಲಿ ತಿಳಿಯಿತು. ಒಂದು ಒಗಟು ಉಳಿದಿತ್ತು. ಹೊರಪೊರೆಯಲ್ಲಿ ಈ ಕೊಬ್ಬು ಆಗಲೇ ಹೆಚ್ಚಿದೆ, ಒಳಜಾಲದಲ್ಲಿ ಕಡಿಮೆ. ಕಡಿಮೆ ಇರುವಲ್ಲಿಂದ ಹೆಚ್ಚು ಇರುವಲ್ಲಿಗೆ ಸಾಗಿಸುವುದೆಂದರೆ ನೀರನ್ನು ದಿಬ್ಬ ಹತ್ತಿಸಿದಂತೆ. ಅದಕ್ಕೆ ಶಕ್ತಿ ಎಲ್ಲಿಂದ?

ಹಿಂದೆ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಕಪಿಲೆ ಬಾವಿಗಳಿದ್ದವು. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆಯುತ್ತ ಹಗ್ಗ ಜಗ್ಗಿದರೆ ಬಾವಿಯ ನೀರು ಚರ್ಮದ ಚೀಲದಲ್ಲಿ ಮೇಲೇರುತ್ತಿತ್ತು. ಒಂದು ಇಳಿದರೆ ಇನ್ನೊಂದು ಏರುತ್ತದೆ. ಓಶ್6ರ ವ್ಯವಹಾರವೂ ಹೀಗೆಯೇ ಎಂದು 2015ರಲ್ಲಿ ಸ್ಪಷ್ಟವಾಯಿತು. ಹೋಗುವಾಗ ಸೆರೀನ್ ಕೊಬ್ಬನ್ನು ಒಯ್ಯುತ್ತದೆ. ಬರುವಾಗ ಪಿಐ4ಪಿ ಎಂಬ ಬೇರೊಂದು ಕೊಬ್ಬನ್ನು ಹೊರಪೊರೆಯಿಂದ ತರುತ್ತದೆ. ಒಳಜಾಲದಲ್ಲಿ ಸ್ಯಾಕ್1 ಎಂಬ ಕಿಣ್ವ ಪಿಐ4ಪಿಯನ್ನು ಕೂಡಲೇ ಒಡೆದುಹಾಕುತ್ತದೆ. ಹೀಗಾಗಿ ಪಿಐ4ಪಿಗೆ ಸದಾ ಇಳಿಜಾರು. ಅದು ಇಳಿಯುವ ಬಲದಿಂದಲೇ ಸೆರೀನ್ ಕೊಬ್ಬು ಏರುತ್ತದೆ. ಹೊರಪೊರೆಯಲ್ಲಿ ಪಿಐ4ಪಿಯನ್ನು ಮತ್ತೆ ಮತ್ತೆ ತಯಾರಿಸಲು ಕೋಶ ಎಟಿಪಿ ವೆಚ್ಚ ಮಾಡುತ್ತದೆ. ಎತ್ತಿಗೆ ಹಾಕುವ ಹುಲ್ಲು ಅದೇ.

ಕೊಬ್ಬು ಹರಿಯುವ ಕಾಲುವೆ

ಓಶ್ ಒಂದೊಂದೇ ಕೊಡ ಹೊರುವ ನೀರಾಳು. ಆದರೆ ಬೇಗನೆ ಹೊಸ ಪೊರೆ ಕಟ್ಟಬೇಕಾದಾಗ ಕೊಡ ಸಾಲದು, ಕಾಲುವೆಯೇ ಬೇಕು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕರಿನ್ ರೈನಿಶ್ ಮತ್ತು ಪಿಯೆಟ್ರೊ ಡಿ ಕಮಿಲ್ಲಿ ಅವರ ತಂಡಗಳು ವಿಪಿಎಸ್13 ಕೊಬ್ಬನ್ನು ಸಾಗಿಸಬಲ್ಲದೆಂದು 2018ರಲ್ಲಿ ತೋರಿಸಿದವು. ಉದ್ದನೆಯ ದೋಣಿಯಂಥ ಈ ಪ್ರೋಟೀನಿನ ಉದ್ದಕ್ಕೂ ಒಂದು ತೋಡು ಇದೆ. ತೋಡಿನ ಒಳಮೈ ನೀರನ್ನು ದೂರವಿಡುತ್ತದೆ. ಒಂದು ತುದಿ ಒಂದು ಪೊರೆಗೆ, ಇನ್ನೊಂದು ತುದಿ ಎದುರಿನ ಪೊರೆಗೆ ತಾಗಿ ನಿಂತರೆ ಕೊಬ್ಬಿನ ಅಣುಗಳು ತೋಡಿನಲ್ಲಿ ಜಾರಿ ಆಚೆ ಸೇರಬಹುದು. ಅಡಿಕೆ ತೋಟದವರು ಮರದ ದೋಣಿಯನ್ನಿಟ್ಟು ನೀರು ಹಾಯಿಸಿದ ಹಾಗೆ.

ಇನ್ನು ಅರ್ಮಿಸ್? ವಾಂಡಾ ಕುಕುಲ್ಸ್ಕಿ ಮತ್ತು ಕೋರ್ನ್‌ಮಾನ್ ತಂಡಗಳು ಯೀಸ್ಟ್ ಕೋಶಗಳನ್ನು ಮಿಂಚಿನ ವೇಗದಲ್ಲಿ ಹೆಪ್ಪುಗಟ್ಟಿಸಿ, ತೆಳುವಾಗಿ ಕೆತ್ತಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಹಲವು ಕೋನಗಳಲ್ಲಿ ಚಿತ್ರ ತೆಗೆದವು. 2023ರಲ್ಲಿ ಪ್ರಕಟವಾದ ಈ ಚಿತ್ರಗಳಲ್ಲಿ ಒಳಜಾಲಕ್ಕೂ ಮೈಟೊಕಾಂಡ್ರಿಯಕ್ಕೂ ನಡುವೆ ಸಣ್ಣ ಸಣ್ಣ ಸೇತುವೆಗಳು ಕಾಣಿಸಿದವು. ಒಂದು ಸಂಪರ್ಕ ತಾಣದಲ್ಲಿ ಸುಮಾರು 25 ಸೇತುವೆಗಳು. ಒಂದೊಂದರಲ್ಲೂ ಕೊಬ್ಬನ್ನು ಹಿಡಿಯುವ ಮೂರು ಭಾಗಗಳು ಅಂಕುಡೊಂಕಾಗಿ ಜೋಡಿಸಿಕೊಂಡಿವೆ. ಕೊಂಡಿಯೂ ಇದೇ, ದಾರಿಯೂ ಇದೇ.

ನಮಗೇನು ಸಂಬಂಧ?

ಅರ್ಮಿಸ್ ಪ್ರಾಣಿಗಳಲ್ಲಿಲ್ಲ. ಆದರೆ ವಿಪಿಎಸ್13 ಮನುಷ್ಯರಲ್ಲಿ ಇದೆ; ಅದೂ ಒಂದಲ್ಲ, ಎ, ಬಿ, ಸಿ, ಡಿ ಎಂದು ನಾಲ್ಕು ಜೀನ್‌ಗಳಾಗಿ. ನಾಲ್ಕರಲ್ಲಿ ಯಾವುದು ಕೆಟ್ಟರೂ ಮಿದುಳಿಗೆ ಪೆಟ್ಟು.

ಎ ಕೆಟ್ಟರೆ ಯೌವನದಲ್ಲಿ ಕೈಕಾಲು, ಮುಖ ತಾವಾಗಿಯೇ ಕುಣಿಯತೊಡಗುತ್ತವೆ. ರಕ್ತಕಣಗಳ ಮೇಲೆ ಮುಳ್ಳುಗಳೇಳುತ್ತವೆ. ಕೊರಿಯಾ-ಅಕಾಂತೊಸೈಟೋಸಿಸ್ ಎಂಬುದು ಇದರ ಹೆಸರು. ಬಿ ಕೆಟ್ಟರೆ ಕೊಹೆನ್ ಸಿಂಡ್ರೋಮ್: ಮಗುವಿನ ಬುದ್ಧಿಯ ಬೆಳವಣಿಗೆ ಹಿಂದೆ ಬೀಳುತ್ತದೆ, ದೃಷ್ಟಿ ಕುಂದುತ್ತದೆ. ಸಿ ಕೆಟ್ಟರೆ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್. ಡಿ ಕೆಟ್ಟರೆ ನಡಿಗೆ ಹದ ತಪ್ಪುತ್ತದೆ. ಎಲ್ಲವೂ ವಿರಳ ಕಾಯಿಲೆಗಳು. ಇವನ್ನು ಬುಡಮಟ್ಟ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಆದರೆ ಕಾಯಿಲೆಯ ಬುಡದಲ್ಲಿರುವ ಪ್ರೋಟೀನಿನ ಕೆಲಸವೇ ತಿಳಿಯದ ಕಾಲ ಈಗಿಲ್ಲ. ಎ ಜೀನಿನ ದೋಷ ಪತ್ತೆಯಾದದ್ದು 2001ರಲ್ಲಿ; ಆ ಜೀನು ಮಾಡಿಸುವ ಪ್ರೋಟೀನು ಕೊಬ್ಬನ್ನು ಸಾಗಿಸುತ್ತದೆಂದು ತಿಳಿದದ್ದು ಹದಿನೇಳು ವರ್ಷಗಳ ಬಳಿಕ.

ಈ ನಾಲ್ಕೂ ಕಾಯಿಲೆಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಮಗುವಿಗೆ ತೊಂದರೆ. ಒಂದೇ ಕೆಟ್ಟ ಪ್ರತಿಯುಳ್ಳ ಹೆತ್ತವರು ಆರೋಗ್ಯವಾಗಿಯೇ ಇರುತ್ತಾರೆ. ಇಂಥ ಇಬ್ಬರಿಗೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ರಕ್ತಸಂಬಂಧದಲ್ಲಿ ಮದುವೆಯಾದವರಲ್ಲಿ ಇಬ್ಬರ ಬಳಿಯೂ ಒಂದೇ ಕೆಟ್ಟ ಪ್ರತಿ ಇರುವ ಅವಕಾಶ ಹೆಚ್ಚು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆಯುಳ್ಳ ನಮ್ಮ ಕಡೆಯವರು ತಿಳಿದಿರಬೇಕಾದ ಸಂಗತಿ ಇದು.

ಪೊರೆಗಳು ತಾಗುವ ಜಾಗದ ಸಂಶೋಧನೆ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ರಘು ಪಡಿಂಜತ್ ಮತ್ತು ಸಂಗಡಿಗರು ಹಣ್ಣಿನ ನೊಣದ ಕಣ್ಣನ್ನು ಆರಿಸಿಕೊಂಡರು. ಅಲ್ಲಿ ಆರ್‌ಡಿಜಿಬಿ ಎಂಬ ಪ್ರೋಟೀನು ಒಳಜಾಲ ಮತ್ತು ಹೊರಪೊರೆ ತಾಗುವಲ್ಲಿ ನಿಂತು, ಬೆಳಕನ್ನು ಗ್ರಹಿಸಲು ಬೇಕಾದ ಕೊಬ್ಬನ್ನು ಒದಗಿಸುತ್ತದೆ. ಅದಿಲ್ಲದ ನೊಣದ ಅಕ್ಷಿಪಟಲ ಬೆಳಕಿಗೆ ಒಡ್ಡಿಕೊಂಡಂತೆ ಕ್ಷಯಿಸುತ್ತದೆ.

ಪಾಠಪುಸ್ತಕಗಳ ಜೀವಕೋಶದ ಚಿತ್ರದಲ್ಲಿ ಕಣದಂಗಗಳು ಹಬ್ಬದ ಪಾಯಸದಲ್ಲಿ ತೇಲುವ ದ್ರಾಕ್ಷಿ, ಗೋಡಂಬಿಗಳಂತೆ ದೂರ ದೂರ ಇರುತ್ತವೆ. ಒಂದೊಂದನ್ನೂ ಬಿಡಿಬಿಡಿಯಾಗಿ ಗುರುತಿಸಲು ಅದು ಅನುಕೂಲ. ಆದರೆ ಬದುಕಿರುವ ಕೋಶದಲ್ಲಿ ಅವು ಒಂದರ ಮಗ್ಗುಲಿಗೆ ಒಂದು ಒತ್ತಿಕೊಂಡು, ಹತ್ತಿಪ್ಪತ್ತು ನ್ಯಾನೊಮೀಟರ್ ಅಂತರದಲ್ಲಿ, ಕೈ ಹಿಡಿದು ನಿಂತಿವೆ. ಆ ಸಂದಿನಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ಒಂದು ಮಗುವಿನ ಕಣ್ಣು, ನಡಿಗೆ, ಮಾತು ನಿಂತಿರುತ್ತದೆ. ಕಾಲುವೆಯಲ್ಲಿ ಕೊಬ್ಬು ಹರಿಯುವ ದಿಕ್ಕನ್ನು ನಿರ್ಧರಿಸುವ ಇಳಿಜಾರು ಯಾವುದು, ಯಾವ ಸೇತುವೆಯಲ್ಲಿ ಎಷ್ಟು ಸರಕು ದಾಟುತ್ತದೆ ಎಂಬ ಪ್ರಶ್ನೆಗಳ ಬೆನ್ನು ಹತ್ತಿರುವ ಪ್ರಯೋಗಾಲಯಗಳಲ್ಲಿ ಈಗಲೂ ಗಾಜಿನ ತಟ್ಟೆಗಳ ಮೇಲೆ ಯೀಸ್ಟ್ ಬೆಳೆಯುತ್ತಿದೆ. ಇಂದು ಒಂಬತ್ತನೆಯ ತರಗತಿಯಲ್ಲಿ ಕೋಶದ ಚಿತ್ರಕ್ಕೆ ಬಣ್ಣ ತುಂಬುತ್ತಿರುವವರು ಆ ತಟ್ಟೆಗಳ ಮುಂದೆ ಕೂರುವ ಹೊತ್ತಿಗೂ ಅಲ್ಲಿ ಕೆಲಸ ಬೇಕಾದಷ್ಟು ಉಳಿದಿರುತ್ತದೆ.